ಸೋಮವಾರದ ಫುಟ್‌ಬಾಲ್ ವಾದವನ್ನು ಗೆಲ್ಲಬೇಕೆನ್ನುವವರಿಗೆ

ವಾರಾಂತ್ಯದ ಫಲಿತಾಂಶಗಳನ್ನು ಹಿಡಿದುಕೊಂಡು ಎದುರು ತಂಡದ ಅಭಿಮಾನಿಯಾದ ಗೆಳೆಯರೊಡನೆ ಪ್ರತಿ ಸೋಮವಾರ ನಡೆಯುವ ಮಾತು ಜಗಳಕ್ಕೆ ತಿರುಗುತ್ತಿದೆ, ಈ ವಾದವನ್ನು ಗೆಲ್ಲಲು ಆಟದ ತಂತ್ರಗಾರಿಕೆಯನ್ನು ಓದಿ ಕಲಿಯಬೇಕೋ ಅಥವಾ ಚರ್ಚೆಯನ್ನೇ ಬಿಟ್ಟುಬಿಡಬೇಕೋ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ ಕೊಡಗಿನ ಸಿದ್ದಾಪುರದ ಒಂದು ಪಂಪ್‌ಸೆಟ್ ರಿಪೇರಿ ಶೆಡ್ಡು ನನ್ನ ಕಣ್ಣಮುಂದೆ ಬಂತು.

ಆ ಶೆಡ್ಡಿನ ಯಜಮಾನರನ್ನು ನಾನು ಚೇಟ, ಅಂದರೆ ಮಲಯಾಳದಲ್ಲಿ ಅಣ್ಣ, ಎಂದೇ ಕರೆಯುತ್ತೇನೆ. ಅವರ ಮೂಲ ಕಣ್ಣೂರು ಕಡೆ. ತಂದೆಯ ಕಾಲದಲ್ಲಿ ನೆಲ್ಲಿಹುದಿಕೇರಿಗೆ ಬಂದು ನೆಲೆಸಿದ ಕುಟುಂಬ. ನನಗಿಂತ ಆರು ವರ್ಷ ದೊಡ್ಡವರು. ನಮ್ಮ ಊರಿನ ಫುಟ್‌ಬಾಲ್ ತಂಡದಲ್ಲಿ ಅವರು ರಕ್ಷಣಾ ಸಾಲಿನ ನಡುವೆ ನಿಲ್ಲುವ ಸೆಂಟರ್ ಬ್ಯಾಕ್, ಅವರ ಎಡಗಡೆ ನಾನು ಲೆಫ್ಟ್ ಬ್ಯಾಕ್. ಹಾಕಿಯ ನಾಡೆಂದು ಹೆಸರಾದ ಕೊಡಗಿನಲ್ಲಿ ಫುಟ್‌ಬಾಲ್ ಹುಚ್ಚೇಕೆ ಎಂದು ಹೊರಗಿನವರು ಕೇಳುವುದುಂಟು, ಆದರೆ ಕೇರಳದ ಗಡಿಗೆ ಹತ್ತಿರವಿರುವ ದಕ್ಷಿಣ ಕೊಡಗಿನ ಪೇಟೆಗಳಲ್ಲಿ ಒಂದು ಸಂಜೆ ನಿಂತು ನೋಡಿದರೆ ಆ ಪ್ರಶ್ನೆ ಉಳಿಯುವುದಿಲ್ಲ. ಬೆಂಗಳೂರು ಎಫ್‌ಸಿ 2017ರಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ ಬಂದ ದಿನದಿಂದ ನಮ್ಮಲ್ಲಿ ಎರಡು ಪಕ್ಷಗಳಾದವು. ನಾನು ನೀಲಿ ಪಕ್ಷ, ಚೇಟ ಕೇರಳ ಬ್ಲಾಸ್ಟರ್ಸ್‌ನ ಹಳದಿ ಪಕ್ಷ.

ಪಕ್ಷ ಎರಡಾದರೂ ಪಂದ್ಯ ನೋಡುತ್ತಿದ್ದುದು ಒಂದೇ ಶೆಡ್ಡಿನಲ್ಲಿ, ಗ್ರೀಸ್ ಡಬ್ಬಿಗಳ ಮೇಲೆ ಹಲಗೆ ಹಾಕಿಕೊಂಡು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಫೈನಲ್ಲನ್ನೂ ಹಾಗೆಯೇ ನೋಡಿದೆವು. ಹೆಚ್ಚುವರಿ ಸಮಯದಲ್ಲಿ ಗೋವಾ ತಂಡದ ಒಬ್ಬ ಆಟಗಾರ ಕೆಂಪು ಕಾರ್ಡ್ ಪಡೆದು ಹೊರಗೆ ಹೋದ ಮೇಲೆ, 117ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟರು. ಬೆಂಗಳೂರು 1-0ರಿಂದ ಗೆದ್ದು ಮೊದಲ ಬಾರಿಗೆ ಚಾಂಪಿಯನ್ ಆಯಿತು. ಮರುದಿನ ಚೇಟ ಕಾಗದದಲ್ಲಿ ಸುತ್ತಿದ ಕೋಯಿಕ್ಕೋಡ್ ಹಲ್ವವನ್ನು ನನ್ನ ಕೈಗಿಟ್ಟು, ಕಾರ್ನರ್ ಹೊಡೆಯುವಾಗ ಗೋವಾದ ಯಾವ ಆಟಗಾರ ಯಾರನ್ನು ಹಿಡಿಯಬೇಕಿತ್ತು ಎಂಬುದನ್ನು ಸ್ಪ್ಯಾನರು, ನಟ್ಟು, ಬೋಲ್ಟುಗಳನ್ನು ಮೇಜಿನ ಮೇಲೆ ಜೋಡಿಸಿ ತೋರಿಸಿದರು. ಆಗ ನಮ್ಮ ಚರ್ಚೆಗಳು ಹಾಗಿದ್ದವು.

ಇನ್ನು 2023ರ ಮಾರ್ಚ್ 3, ಶುಕ್ರವಾರ. ಲೀಗ್‌ನಲ್ಲಿ ಬೆಂಗಳೂರು ನಾಲ್ಕನೆಯದು, ಬ್ಲಾಸ್ಟರ್ಸ್ ಐದನೆಯದು. ಸೋತವರು ಮನೆಗೆ ಹೋಗುವ ಒಂದೇ ಪಂದ್ಯದ ಪ್ಲೇಆಫ್, ಕಂಠೀರವ ಕ್ರೀಡಾಂಗಣದಲ್ಲಿ. ಇಡೀ ಋತುವಿನಲ್ಲಿ ಕಾದು ಕೂತಿದ್ದ ಪಂದ್ಯ. ಆದರೆ ಮಾರ್ಚ್ ಎಂದರೆ ರೋಬಸ್ಟಾ ಕಾಫಿಯ ಹೂವಿಗೆ ನೀರು ಕೊಡುವ ಸಮಯ. ಹೂಮಳೆ ಬಿದ್ದಿರಲಿಲ್ಲ, ಕೆರೆಯ ನೀರು ಇಳಿಯುತ್ತಿತ್ತು, ಸ್ಪ್ರಿಂಕ್ಲರ್ ಪೈಪುಗಳನ್ನು ಬಾಡಿಗೆಗೆ ತಂದಿದ್ದೆ. ಆ ರಾತ್ರಿ ಮೋಟಾರು ನಿಲ್ಲಿಸುವ ಹಾಗಿರಲಿಲ್ಲ. ಎಂಟು ಗಂಟೆ ದಾಟಿದ ಮೇಲೆ ಪಂಪು ನೀರೆತ್ತುವುದನ್ನು ಬಿಟ್ಟಿತು. ನಾನು ಚೇಟನಿಗೆ ಫೋನ್ ಮಾಡಿದೆ. ಅಲ್ಲಿ ಅರ್ಧ ಸಮಯದ ವಿರಾಮ. ಕೆರೆಯಲ್ಲಿ ಮುಳುಗಿರುವ ಪೈಪಿನ ತುದಿಯ ಫುಟ್ ವಾಲ್ವಿನಲ್ಲಿ ಎಲೆಯೋ ಕಡ್ಡಿಯೋ ಸಿಕ್ಕಿರಬೇಕು, ಅದನ್ನು ತೆಗೆದು ಪೈಪಿನ ತುಂಬ ನೀರು ಹೊಯ್ದು ಆಮೇಲೆ ಸ್ಟಾರ್ಟ್ ಮಾಡು ಎಂದು ಅವರು ತಾಳ್ಮೆಯಿಂದ ಹೇಳಿಕೊಟ್ಟರು. ಮೊಣಕಾಲುದ್ದದ ಕೆಸರಿನಲ್ಲಿ ನಿಂತು, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ವಾಲ್ವಿನ ಜಾಲರಿಯಿಂದ ಕೊಳೆತ ಸಿಲ್ವರ್ ಓಕ್ ಎಲೆಯನ್ನು ನಾನು ಬೆರಳಿನಿಂದ ಕೀಳುತ್ತಿದ್ದಾಗ ದ್ವಿತೀಯಾರ್ಧ ನಡೆಯುತ್ತಿತ್ತು.

ಮನೆಗೆ ಬಂದಾಗ ಮಧ್ಯರಾತ್ರಿ. ಮೊಬೈಲಿನಲ್ಲಿ ಒಂದೇ ತುಣುಕು ಎಲ್ಲ ಕಡೆಯಿಂದ ಬಂದು ಬಿದ್ದಿತ್ತು. ಹೆಚ್ಚುವರಿ ಸಮಯ, 96ನೇ ನಿಮಿಷ, ಬೆಂಗಳೂರಿಗೆ ಫ್ರೀ ಕಿಕ್. ಬ್ಲಾಸ್ಟರ್ಸ್ ಗೋಲಿ ಇನ್ನೂ ಚೆಂಡಿಗೆ ಅಡ್ಡವಾಗಿ ಆಟಗಾರರ ಗೋಡೆ ಜೋಡಿಸುತ್ತಿರುವಾಗಲೇ ಸುನಿಲ್ ಛೇತ್ರಿ ಚೆಂಡನ್ನು ಖಾಲಿ ಬಲೆಯೊಳಗೆ ಕಳಿಸುತ್ತಾರೆ, ರೆಫರಿ ಗೋಲು ಕೊಡುತ್ತಾರೆ, ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆಯುತ್ತಾರೆ. ಪಂದ್ಯ ಬೆಂಗಳೂರಿನ ಪಾಲಾಯಿತು. ಆ ತುಣುಕನ್ನು ನಾನು ಹದಿನೈದು ಇಪ್ಪತ್ತು ಸಲ ನೋಡಿದೆ.

ಮರುದಿನ ಬೆಳಿಗ್ಗೆ ಪಂಪಿನ ವಾಷರ್ ತರಲೆಂದು ಶೆಡ್ಡಿಗೆ ಹೋದೆ. ಅಲ್ಲಿ ಚೇಟ, ಅವರ ಕಾಲೇಜು ಓದುವ ಮಗ, ನಮ್ಮ ತಂಡದ ನಾಲ್ಕು ಹುಡುಗರು ಇದ್ದರು. ನಾನು ಹೋಗುತ್ತಲೇ ಆರಂಭಿಸಿದೆ. ನಿಮ್ಮ ಕೋಚ್ ಬಳಿ ಯೋಜನೆಯೇ ಇರಲಿಲ್ಲ, ಇಡೀ ಪಂದ್ಯ ಹೆದರಿ ಹಿಂದೆ ನಿಂತರು, ತಂತ್ರ ಸೋತಾಗ ಮೈದಾನ ಬಿಟ್ಟು ಓಡಿದರು, 1-0 ಅದಕ್ಕೆ ಸಾಕ್ಷಿ ಎಂದೆ. ಚೇಟ ಕೈಯಲ್ಲಿದ್ದ ಬೇರಿಂಗನ್ನು ಕೆಳಗಿಟ್ಟು, “ಪಂದ್ಯ ಪೂರ್ತಿ ನೋಡಿದೆಯಾ?” ಎಂದು ಕೇಳಿದರು. “ನೋಡದೆ ಮಾತನಾಡುತ್ತೇನೆಯೇ, ಮೊದಲ ನಿಮಿಷದಿಂದ ನೋಡಿದ್ದೇನೆ” ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, “ಹಾಗಾದರೆ ಬೆಂಗಳೂರು ಹಿಂದೆ ಎಷ್ಟು ಜನರನ್ನು ನಿಲ್ಲಿಸಿತ್ತು?” ಎಂದರು. ನಾಲ್ಕು ಎಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೇಟ ವಾಷರನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ದುಡ್ಡು ತೆಗೆದುಕೊಂಡು, ಒಳಗೆ ಹೋದರು.

ನನ್ನ ತಪ್ಪು ಇಲ್ಲಿದೆ, ಇದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಅನೇಕರು ಇದನ್ನು ಬೇರೆ ಕಡೆ ಹುಡುಕುತ್ತಾರೆ. ಸೋತವರನ್ನು ಕೆಣಕಿದ್ದು ತಪ್ಪಲ್ಲ. ಎರಡು ತಂಡಗಳ ಅಭಿಮಾನಿಗಳ ನಡುವೆ ಕೆಣಕು ಮಾತು ಇದ್ದೇ ಇರುತ್ತದೆ, ಅದಕ್ಕೂ ಮೊದಲು ಎಷ್ಟೋ ಸಲ ನಾವಿಬ್ಬರೂ ಕೆಣಕಿಕೊಂಡಿದ್ದೆವು. ಹಿಂಬದಿ ಸಾಲಿನ ಲೆಕ್ಕ ತಪ್ಪಿದ್ದು ಕೂಡ ಮೂಲ ತಪ್ಪಲ್ಲ. ನೋಡದ ಪಂದ್ಯವನ್ನು ನೋಡಿದ್ದೇನೆ ಎಂದದ್ದು ತಪ್ಪು. ಅದನ್ನು ಯಾರ ಮುಂದೆ ಹೇಳಿದೆ? ಆ ಪಂದ್ಯದ ವಿರಾಮದಲ್ಲಿ ನನ್ನ ಫೋನ್ ಎತ್ತಿ, ನನ್ನ ಪಂಪಿಗೆ ನೀರು ಹೊಯ್ಯುವುದನ್ನು ಕಲಿಸಿದ ಮನುಷ್ಯನ ಮುಂದೆ. ನಾನು ಆ ಹೊತ್ತಿನಲ್ಲಿ ಕೆರೆಯಲ್ಲಿದ್ದೆ ಎಂಬುದು ಇಡೀ ಊರಿನಲ್ಲಿ ಯಾರಿಗಾದರೂ ಖಚಿತವಾಗಿ ಗೊತ್ತಿದ್ದರೆ ಅದು ಅವರಿಗೆ. ಅಷ್ಟಾದರೂ ಹುಡುಗರ ಎದುರಿಗೆ ಅವರು ಅದನ್ನು ಎತ್ತಿ ಆಡಲಿಲ್ಲ.

ಅಂಥ ಮಾತು ಬಾಯಿಗೆ ಹೇಗೆ ಬಂತು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಸುಳ್ಳು ಹೇಳಬೇಕೆಂದು ಹೊರಟವನು ನಾನಲ್ಲ. ಒಂದೇ ತುಣುಕನ್ನು ಇಪ್ಪತ್ತು ಸಲ ನೋಡಿದವನಿಗೆ ಪಂದ್ಯವನ್ನೇ ನೋಡಿದ ಭಾವನೆ ಬಂದುಬಿಡುತ್ತದೆ. ಗೋಲು ಗೊತ್ತು, ನಿಮಿಷ ಗೊತ್ತು, ಕೋಚಿನ ಮುಖ ಗೊತ್ತು. ಉಳಿದ 95 ನಿಮಿಷಗಳನ್ನು ಮನಸ್ಸು ತನಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತದೆ. ಗೆದ್ದ ತಂಡ ಚೆನ್ನಾಗಿ ಆಡಿರಲೇಬೇಕು, ಸೋತ ತಂಡ ಹೆದರಿರಲೇಬೇಕು ಎಂದು ನಾನು ತುಂಬಿಕೊಂಡಿದ್ದೆ. ಫಲಿತಾಂಶದಿಂದ ಹಿಂದಕ್ಕೆ ನಡೆದು ಆಟವನ್ನು ಕಟ್ಟುವ ಈ ಅಭ್ಯಾಸವೇ ನಿಮ್ಮ ಸೋಮವಾರಗಳನ್ನೂ ಕೆಡಿಸುತ್ತಿದೆ ಎಂಬುದು ನನ್ನ ಬಲವಾದ ಅನುಮಾನ.

ಮಳೆಗಾಲ ಹಿಡಿದು ತೋಟದ ಕೆಲಸ ಕಡಿಮೆಯಾದಾಗ ಆ ಪಂದ್ಯವನ್ನು ಎರಡು ರಾತ್ರಿ ಕುಳಿತು ಮೊದಲಿನಿಂದ ನೋಡಿದೆ. ಬೆಂಗಳೂರಿನ ಕೋಚ್ ಸೈಮನ್ ಗ್ರೇಸನ್ ಹಿಂದೆ ನಿಲ್ಲಿಸಿದ್ದುದು ಮೂವರು ಸೆಂಟರ್ ಬ್ಯಾಕ್‌ಗಳನ್ನು. ಅವರಲ್ಲಿ ಒಬ್ಬರು ಹಿಂದೆ ಬ್ಲಾಸ್ಟರ್ಸ್‌ನ ನಾಯಕರಾಗಿದ್ದ ಸಂದೇಶ್ ಜಿಂಗಾನ್. ನೀಲಿ ಅಂಗಿಯಲ್ಲಿ ಅವರನ್ನು ನೋಡುವುದು ಚೇಟನಿಗೆ ಎಷ್ಟು ಕಷ್ಟವಾಗಿತ್ತೆಂದು ನನಗೆ ಗೊತ್ತು. ಎರಡು ಬದಿಗಳಲ್ಲಿ ವಿಂಗ್ ಬ್ಯಾಕ್‌ಗಳು. ಎದುರಾಳಿಯ ಬಳಿ ಚೆಂಡಿದ್ದಾಗ ಅವರಿಬ್ಬರೂ ಹಿಂದಕ್ಕೆ ಬಂದು ಐವರ ಸಾಲಾಗುತ್ತದೆ, ಚೆಂಡು ತಮ್ಮದಾದಾಗ ಅವರೇ ಗೆರೆಯ ಪಕ್ಕದಲ್ಲಿ ಮುಂದೆ ಓಡುತ್ತಾರೆ. ಈ ಏರ್ಪಾಡಿನಲ್ಲಿ ಎಡಬದಿಯ ಆಟಗಾರ ಮುಂದೆ ಹೋದಾಗ ಅವನ ಬೆನ್ನ ಹಿಂದೆ ಖಾಲಿಯಾಗುವ ಜಾಗಕ್ಕೆ ಮೂವರಲ್ಲಿ ಒಬ್ಬನು ಸರಿದು ಬರಬೇಕು. ಉಳಿದಿಬ್ಬರು ಅವನ ಕಡೆಗೆ ಒತ್ತಿಕೊಳ್ಳಬೇಕು. ವರ್ಷಗಟ್ಟಲೆ ಲೆಫ್ಟ್ ಬ್ಯಾಕ್ ಆಗಿ ಆಡಿದ ನಾನು ಪಂದ್ಯದ ಐದು ನಿಮಿಷ ನೋಡಿದ್ದರೂ ಇದನ್ನು ಗುರುತಿಸುತ್ತಿದ್ದೆ. ಚೇಟ ಬೇಕೆಂದೇ ಆ ಪ್ರಶ್ನೆ ಕೇಳಿದ್ದರು.

ಆ ಗೋಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ರಕ್ಷಣಾ ತಂಡ 9.15 ಮೀಟರ್ ದೂರ ಸರಿಯುವವರೆಗೆ ಕಾಯುವ ಹಕ್ಕು ಫ್ರೀ ಕಿಕ್ ಪಡೆದ ತಂಡದ್ದು. ಆ ದೂರವನ್ನು ಕೇಳಿದರೆ ರೆಫರಿ ಸೀಟಿ ಊದಿದ ಮೇಲೆಯೇ ಒದೆಯಬೇಕು, ಕೇಳದಿದ್ದರೆ ನಿಂತ ಚೆಂಡನ್ನು ತಕ್ಷಣ ಒದೆಯಬಹುದು. ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ತಿಳಿಸಿದ್ದಾಗಿ ಛೇತ್ರಿ ಪಂದ್ಯದ ನಂತರ ಹೇಳಿದರು. ರೆಫರಿ ಬೇರೆ ರೀತಿಯ ಸೂಚನೆ ಕೊಟ್ಟಿದ್ದರು ಎಂಬುದು ಚೇಟನ ವಾದ. ಆ ಲೀಗ್‌ನಲ್ಲಿ ವಿಡಿಯೊ ರೆಫರಿ ವ್ಯವಸ್ಥೆ ಇರಲಿಲ್ಲ. ಮೈದಾನ ಬಿಟ್ಟದ್ದಕ್ಕೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿ, ಕೋಚಿಗೆ 10 ಪಂದ್ಯಗಳ ನಿಷೇಧ ವಿಧಿಸಿತು. ಇವೆಲ್ಲವೂ ವಾದಕ್ಕೆ ಯೋಗ್ಯವಾದ ವಿಷಯಗಳೇ. ಆದರೆ ಆ ಗೋಲಿನಿಂದ ಬ್ಲಾಸ್ಟರ್ಸ್‌ನ ತಂತ್ರ ಕೆಟ್ಟದಿತ್ತೆಂದು ಸಾಬೀತಾಗುವುದಿಲ್ಲ. 90 ನಿಮಿಷಗಳ ಕಾಲ ಅವರು ಬೆಂಗಳೂರಿಗೆ ಗೋಲು ಬಿಟ್ಟುಕೊಟ್ಟಿರಲಿಲ್ಲ. ಅದೇ ಬೆಂಗಳೂರು ತಂಡ ಹದಿನೈದು ದಿನಗಳ ನಂತರ, ಮಾರ್ಚ್ 18ರಂದು, ಗೋವಾದ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಗಾನ್ ಜೊತೆ 2-2 ಸಮ ಮಾಡಿಕೊಂಡು ಪೆನಾಲ್ಟಿಗಳಲ್ಲಿ 4-3ರಿಂದ ಸೋತಿತು. ಫಲಿತಾಂಶವೇ ಸಾಕ್ಷಿ ಎನ್ನುವುದಾದರೆ, ಹದಿನೈದು ದಿನಗಳಲ್ಲಿ ಗ್ರೇಸನ್ ಅವರಿಗೆ ಆಟ ಮರೆತುಹೋಯಿತೇ?

ಹಾಗಾಗಿ ನಿಮ್ಮ ಪ್ರಶ್ನೆಯ ಎರಡು ದಾರಿಗಳನ್ನೂ ನಾನು ಒಪ್ಪುವುದಿಲ್ಲ. ಗೆಲ್ಲಲೆಂದು ತಂತ್ರಗಾರಿಕೆ ಓದಿದರೆ ನೀವು ನನಗಿಂತ ಚೆಂದವಾದ ಶಬ್ದಗಳಲ್ಲಿ ನಾನು ಮಾಡಿದ ತಪ್ಪನ್ನೇ ಮಾಡುತ್ತೀರಿ. ಚರ್ಚೆ ಬಿಡಿ ಎಂದು ಹೇಳುವವರ ಮಾತನ್ನಂತೂ ಕೇಳಲೇಬೇಡಿ; ಚರ್ಚೆಯಿಲ್ಲದ ಫುಟ್‌ಬಾಲ್ ನನಗೆ ಬೇಡ, ನಿಮಗೂ ಬೇಡವಾದ್ದರಿಂದಲೇ ಇಲ್ಲಿ ಬಂದು ಕೇಳಿದ್ದೀರಿ. ಪಂದ್ಯವನ್ನು ಆ ಗೆಳೆಯರ ಪಕ್ಕದಲ್ಲಿ ಕುಳಿತು ನೋಡಿ, ಸಾಧ್ಯವಿಲ್ಲದಿದ್ದರೆ ಎಷ್ಟು ನಿಮಿಷ ನೋಡಿದಿರಿ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ. “ನಾನು ಗೋಲುಗಳನ್ನು ಮಾತ್ರ ನೋಡಿದೆ, ಉಳಿದದ್ದು ಹೇಗಿತ್ತು?” ಎಂದು ಕೇಳಿದವನ ಜೊತೆ ಜಗಳವಾಡಿದವರನ್ನು ನಾನು ಕಂಡಿಲ್ಲ.

ನನಗಾದ ನಷ್ಟವನ್ನೂ ಹೇಳಿಬಿಡುತ್ತೇನೆ. ಆ ಶನಿವಾರದ ನಂತರ ಚೇಟ ಸಂಜೆಯ ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದರು. ಹುಡುಗರನ್ನು ಸೇರಿಸುವುದು, ಚೆಂಡಿಗೆ ಗಾಳಿ ತುಂಬಿಸುವುದು, ಯಾರು ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುವುದು, ಎಲ್ಲವೂ ಅವರದೇ ಆಗಿತ್ತು. ನಾನು ಪ್ರಯತ್ನಿಸಿದೆ, ಆಗಲಿಲ್ಲ. ಒಬ್ಬೊಬ್ಬರಾಗಿ ಕೆಲಸಕ್ಕೆಂದು ಮೈಸೂರು, ಬೆಂಗಳೂರು ಸೇರಿದರು. ಆ ಬೇಸಿಗೆಯ ಪಂದ್ಯಾವಳಿಗೆ ನಮ್ಮ ತಂಡ ಹೆಸರು ಕೊಡಲಿಲ್ಲ, ಆಮೇಲೆ ಆ ತಂಡ ಮತ್ತೆ ಕೂಡಲೇ ಇಲ್ಲ.

ಪಂದ್ಯ ಪೂರ್ತಿ ನೋಡಿದ ಮೇಲೆ ಆಗಸ್ಟಿನ ಒಂದು ಮಧ್ಯಾಹ್ನ ಶೆಡ್ಡಿಗೆ ಹೋಗಿ, “ಚೇಟ, ಆ ದಿನ ನಾನು ಪಂದ್ಯ ನೋಡಿರಲಿಲ್ಲ” ಎಂದೆ. ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು, ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಅವರು ತಲೆಯೆತ್ತದೆ, “ಫುಟ್ ವಾಲ್ವ್ ಬದಲಾಯಿಸಿದೆಯಾ, ಅದೇ ಇದೆಯಾ?” ಎಂದು ಕೇಳಿದರು. ಅದೇ ಇದೆ ಎಂದೆ. ಹೊಸದೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಬ್ಲಾಸ್ಟರ್ಸ್ ಹಿಂದೆ ನಿಂತಿರಲಿಲ್ಲ, ನೀವು ಹೇಳಿದ್ದೇ ಸರಿ ಎಂದೆ. “ನಾನು ಏನೂ ಹೇಳಿರಲಿಲ್ಲ” ಎಂದರು.

ಈಗ ಅವರ ಮಗ ಶೆಡ್ಡು ನೋಡಿಕೊಳ್ಳುತ್ತಾನೆ, ಚೇಟ ಹೆಚ್ಚಾಗಿ ಮನೆಯಲ್ಲಿರುತ್ತಾರೆ, ನಾವಿಬ್ಬರೂ ಜೊತೆಗೆ ಪಂದ್ಯ ನೋಡುವುದು ವರ್ಷಕ್ಕೆ ಎರಡೋ ಮೂರೋ ಬಾರಿ. ಕಳೆದ ಮಳೆಗಾಲದ ಒಂದು ಶನಿವಾರ ರಾತ್ರಿ ಅವರೇ ಫೋನ್ ಮಾಡಿದರು. 60ನೇ ನಿಮಿಷಕ್ಕೆ ಕರೆಂಟು ಹೋಯಿತು, ನಿನ್ನ ಕಡೆ ಇತ್ತೇ, ನೋಡಿದೆಯಾ ಎಂದು ಕೇಳಿದರು. ನೋಡಿದ್ದೆ. ಉಳಿದ ಮೂವತ್ತು ನಿಮಿಷವನ್ನು ಒಂದೊಂದಾಗಿ ಹೇಳಿದೆ. ಎರಡನೇ ಗೋಲಿನ ಹೊತ್ತಿಗೆ ಎಡಬದಿಯವನು ಎಲ್ಲಿ ನಿಂತಿದ್ದ ಎಂದು ಅವರು ಎರಡು ಸಲ ಕೇಳಿದರು.