ಓದುಗರ ಪ್ರಶ್ನೆ: ಪುಟ್ಟ ಕಡಲ ವಸ್ತುಸಂಗ್ರಹಾಲಯದ ಬೇಸಿಗೆ

ಪ್ರಶ್ನೆ: ನಾವು ಕೆಲವರು ಸೇರಿ ನಡೆಸುತ್ತಿರುವ ಕಡಲ ವಸ್ತುಸಂಗ್ರಹಾಲಯದಲ್ಲಿ ಇರುವುದು ಎರಡೇ ಕೋಣೆ. ಪ್ರತಿ ಬೇಸಿಗೆಯಲ್ಲೂ ಅವೇ ವಸ್ತುಗಳನ್ನು ಸ್ಥಳ ಬದಲಿಸಿ ಇಡುವುದಾಗಿದೆ. ಈ ಬಾರಿ ಬೇಸಿಗೆಗೆಂದೇ ಒಂದು ಹೊಸ ಪ್ರದರ್ಶನ ಏರ್ಪಡಿಸುವ ಆಸೆಯಿದೆ, ಆದರೆ ಹಣ ಹೆಚ್ಚಿಲ್ಲ. ಯಾವ ವಿಷಯ ತೆಗೆದುಕೊಳ್ಳಬಹುದು?

ಉತ್ತರ: ಬೇಸಿಗೆಯ ಹೆಸರನ್ನೇ ಹೊತ್ತಿರುವ ಗುರುತೊಂದು ಪ್ರತಿಯೊಂದು ಸರಕು ಹಡಗಿನ ಪಕ್ಕದಲ್ಲಿದೆ, ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಹಡಗಿನ ಮೈಯ ನಡುಭಾಗದಲ್ಲಿ ಒಂದು ವೃತ್ತ, ಅದನ್ನು ಅಡ್ಡಲಾಗಿ ಸೀಳುವ ಒಂದು ಗೆರೆ, ಪಕ್ಕದಲ್ಲಿ ಏಣಿಯ ಮೆಟ್ಟಿಲುಗಳಂಥ ಇನ್ನಷ್ಟು ಗೆರೆಗಳು ಕಾಣುತ್ತವೆ. ಇವು ಭಾರಮಿತಿಯ ರೇಖೆಗಳು. 'ಎಸ್' ಎಂಬ ಅಕ್ಷರವಿರುವುದು ಬೇಸಿಗೆಯ ರೇಖೆ. ವೃತ್ತವನ್ನು ಸೀಳುವ ಗೆರೆ ಇದೇ ಮಟ್ಟದಲ್ಲಿರುತ್ತದೆ. ಬೇಸಿಗೆಯ ಸಮುದ್ರದಲ್ಲಿ ಹಡಗು ಸರಕು ಹೊತ್ತು ಇಷ್ಟರವರೆಗೆ ಮುಳುಗಬಹುದು, ಇದಕ್ಕಿಂತ ಹೆಚ್ಚಲ್ಲ ಎಂದು ಅದರ ಅರ್ಥ. ಚಳಿಗಾಲದ ಬಿರುಸಿನ ಕಡಲಿಗೆ ರೇಖೆ ಕೆಳಗಿಳಿಯುತ್ತದೆ, ಉಷ್ಣವಲಯಕ್ಕೆ ಮೇಲೇರುತ್ತದೆ. ಬೇಸಿಗೆಯಲ್ಲಿ ಹಡಗು ಮುಳುಗುವ ಆಳದ 48ರಲ್ಲಿ ಒಂದು ಭಾಗವೇ ಈ ವ್ಯತ್ಯಾಸ. 9.6 ಮೀಟರ್ ಆಳಕ್ಕೆ ಮುಳುಗುವ ಹಡಗಿಗೆ ಅದು 20 ಸೆಂಟಿಮೀಟರ್.

ಈ ಗೆರೆಯ ಹಿಂದೆ ನಾವಿಕರ ಸಾವುಗಳಿವೆ. 19ನೆಯ ಶತಮಾನದ ಬ್ರಿಟನ್ನಿನಲ್ಲಿ ಮಿತಿಮೀರಿ ಸರಕು ತುಂಬಿ, ಭಾರೀ ವಿಮೆ ಮಾಡಿಸಿ, ಕಡಲಿಗೆ ಬಿಟ್ಟ ಹಳೆಯ ಹಡಗುಗಳನ್ನು ಜನ ಶವಪೆಟ್ಟಿಗೆಗಳೆಂದೇ ಕರೆಯುತ್ತಿದ್ದರು. ಸಂಸತ್ತಿನ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಪಟ್ಟುಬಿಡದೆ ಹೋರಾಡಿದ್ದರಿಂದ 1876ರಲ್ಲಿ ಈ ಗುರುತು ಕಡ್ಡಾಯವಾಯಿತು. ಆದರೆ ಅದನ್ನು ಎಲ್ಲಿ ಬಳಿಯಬೇಕೆಂಬುದನ್ನು ಕಾಯ್ದೆ ಹಡಗಿನ ಮಾಲೀಕನಿಗೇ ಬಿಟ್ಟಿತ್ತು! ಆ ಲೋಪ ಸರಿಹೋಗಲು 1890ರವರೆಗೆ ಕಾಯಬೇಕಾಯಿತು. ಅಂತರರಾಷ್ಟ್ರೀಯ ಒಪ್ಪಂದವಾಗಲು 1930ರವರೆಗೆ. ಈ ಮೂರು ಇಸವಿಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಕೋಣೆಯ ನಡುವೆ ಎರಡು ಗಾಜಿನ ತೊಟ್ಟಿಗಳಿರಲಿ, ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಲೀಟರಿಗೆ 35 ಗ್ರಾಂ ಉಪ್ಪು ಬೆರೆಸಿದ ನೀರು. ಕಡಲ ನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಸಾಂದ್ರವಾಗಿರುವುದರಿಂದ, ಅದೇ ಭಾರದ ಹಡಗು ನದಿಗೆ ಬಂದಾಗ ಇನ್ನಷ್ಟು ಕೆಳಗಿಳಿಯುತ್ತದೆ. ಏಣಿಯಲ್ಲಿ ಸಿಹಿನೀರಿನದೇ ಆದ 'ಎಫ್' ರೇಖೆ ಇರುವುದು ಇದೇ ಕಾರಣಕ್ಕೆ. ಆಟಿಕೆಯ ದೋಣಿಯನ್ನು ತೇಲಿಬಿಟ್ಟರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಬದಲಿಗೆ, ತಳದಲ್ಲಿ ಮರಳು ತುಂಬಿ ನೆಟ್ಟಗೆ ನಿಲ್ಲುವಂತೆ ಮಾಡಿದ ಉದ್ದನೆಯ ಕೊಳವೆಯನ್ನು ತೇಲಿಸಿ. ಅದು 20 ಸೆಂಟಿಮೀಟರಿನಷ್ಟು ಮುಳುಗುವಂತಿದ್ದರೆ ಎರಡು ತೊಟ್ಟಿಗಳ ನಡುವೆ ಸುಮಾರು 5 ಮಿಲಿಮೀಟರ್ ಅಂತರ ಕಾಣಿಸುತ್ತದೆ. ಕೊಳವೆಯನ್ನು ಅತ್ತಿಂದಿತ್ತ ಬದಲಾಯಿಸುವ ಕೆಲಸವನ್ನು ನೋಡಲು ಬಂದವರಿಗೇ ಬಿಡಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಗಾಜಿನ ಪೆಟ್ಟಿಗೆಗಳ ಮುಂದೆ ನಿಲ್ಲಿಸಿದರೆ ಮಕ್ಕಳು ಹತ್ತು ನಿಮಿಷದಲ್ಲಿ ಬೇಸರಪಡುತ್ತಾರೆ. ಬೇಸಿಗೆ ಶಿಬಿರಕ್ಕೆ ಕರೆತಂದಾಗ ಏನು ಮಾಡಿಸಬಹುದು?

ಉತ್ತರ: ಅಂಗಳಕ್ಕೆ ಕರೆತಂದು ಕೈಗೆ ಹಗ್ಗ ಕೊಡಿ. ಹಡಗಿನ ವೇಗವನ್ನು 'ನಾಟ್' ಎಂಬ ಮಾನದಲ್ಲಿ ಹೇಳುವುದು ಹಗ್ಗದ ಗಂಟುಗಳಿಂದಲೇ ಬಂದದ್ದು. ಹಿಂದೆ ನಾವಿಕರು ಹಗ್ಗದ ತುದಿಗೆ ಹಲಗೆಯೊಂದನ್ನು ಕಟ್ಟಿ ಹಡಗಿನ ಹಿಂಬದಿಯಿಂದ ನೀರಿಗೆಸೆದು, ಮರಳುಗಡಿಯಾರ 28 ಸೆಕೆಂಡುಗಳಲ್ಲಿ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟುಗಳು ಕೈಯಿಂದ ಜಾರಿದವೆಂದು ಎಣಿಸುತ್ತಿದ್ದರು. ಗಂಟುಗಳ ನಡುವಿನ ಅಂತರ 14.4 ಮೀಟರ್. ಲೆಕ್ಕ ಹಾಕಿದರೆ ಒಂದು ಗಂಟಿಗೆ ಗಂಟೆಗೆ ಸುಮಾರು 1.85 ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಸಮುದ್ರಮೈಲಿ ಬರುತ್ತದೆ. ಅಂಗಳ ಚಿಕ್ಕದಾದ್ದರಿಂದ ಎರಡನ್ನೂ ಅರ್ಧ ಮಾಡಿಕೊಳ್ಳಿ: 7.2 ಮೀಟರಿಗೊಂದು ಗಂಟು, 14 ಸೆಕೆಂಡು ಸಮಯ, 30 ಮೀಟರ್ ಹಗ್ಗ. ಒಂದು ಮಗು ತುದಿ ಹಿಡಿದು ನಡೆಯಲಿ, ಇನ್ನೊಂದು ಹಗ್ಗವನ್ನು ಸಡಿಲಬಿಡುತ್ತಾ ಗಂಟು ಎಣಿಸಲಿ, ಮೂರನೆಯದು ಗಡಿಯಾರ ನೋಡಲಿ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆದರೆ ಎರಡು ಗಂಟು ದಾಟಿ ಮೂರನೆಯದು ಕೈಗೆ ಹತ್ತಿರವಾಗಿರುತ್ತದೆ. ಇದನ್ನು ಒಮ್ಮೆ ಮಾಡಿದ ಮಗು ಆಮೇಲೆ ಪೆಟ್ಟಿಗೆಯೊಳಗಿನ ಹಳೆಯ ಮರಳುಗಡಿಯಾರವನ್ನು ನೋಡುವ ರೀತಿಯೇ ಬೇರೆ. ಒಳಗೆ ಕರೆದೊಯ್ಯಬೇಕಾದದ್ದು ಆಗ.

ಬಾವುಟಗಳನ್ನೂ ಹೊಲಿಸಬಹುದು. ಅಂತರರಾಷ್ಟ್ರೀಯ ಸಂಜ್ಞಾಬಾವುಟಗಳಲ್ಲಿ ಇರುವುದು ಕೆಂಪು, ನೀಲಿ, ಹಳದಿ, ಕಪ್ಪು, ಬಿಳಿ ಎಂಬ ಐದೇ ಬಣ್ಣ. ಅಕ್ಷರದ ಬಾವುಟಗಳಲ್ಲಿ ಒಂದೊಂದೂ ಒಂದೊಂದು ಅಕ್ಷರ, ಹೆಚ್ಚಿನವು ಜೊತೆಗೆ ಒಂದು ಪೂರ್ಣ ಸಂದೇಶ; 'ಓ' ಬಾವುಟ ಹಾರಿದರೆ ಯಾರೋ ನೀರಿಗೆ ಬಿದ್ದಿದ್ದಾರೆಂದು ಅರ್ಥ. ಒಂದು ಎಚ್ಚರಿಕೆ: 'ಎನ್' ಮತ್ತು 'ಸಿ' ಒಟ್ಟಾಗಿ ಹಾರಿದರೆ ಅದು ಅಪಾಯದ ಕರೆ. ಕಡಲಿಗೆ ಕಾಣುವ ಕಂಬದ ಮೇಲೆ ಆಟಕ್ಕೂ ಅದನ್ನು ಏರಿಸಕೂಡದು.

ದಿನಾಂಕ ಗೊತ್ತುಮಾಡುವಾಗ ಜೂನ್ 25, ಅಂದರೆ ಅಂತರರಾಷ್ಟ್ರೀಯ ನಾವಿಕರ ದಿನ, ನೆನಪಿನಲ್ಲಿರಲಿ.

ಪ್ರಶ್ನೆ: ಒಂದು ಸಂಗ್ರಹಾಲಯದ ಬೇಸಿಗೆ ಪ್ರದರ್ಶನಕ್ಕೆ ಹೋಗಿದ್ದೆ. ಹಾಡುಹಗಲಲ್ಲೇ ಪರದೆ ಎಳೆದು ಮಂದ ದೀಪ ಹಾಕಿದ್ದರು. ಹಳೆಯ ಕಡಲ ನಕ್ಷೆಯ ಜಾಗದಲ್ಲಿ ಅದರ ಪ್ರತಿ ಇತ್ತು. ಮೋಸಹೋದಂತೆನಿಸಿತು.

ಉತ್ತರ: ಅದು ಪ್ರತಿಯೆಂಬುದನ್ನು ಅಲ್ಲಿ ಬರೆದಿರದಿದ್ದರೆ ನಿಮ್ಮ ಬೇಸರ ನ್ಯಾಯವಾದದ್ದೇ, ಏಕೆಂದರೆ ಹಾಗೆ ತಿಳಿಸುವುದು ಸಂಗ್ರಹಾಲಯದ ಕರ್ತವ್ಯ. ಆದರೆ ಮಂದ ಬೆಳಕಿನ ಬಗ್ಗೆ ನಾನು ಅವರ ಪರ. ಕಾಗದ, ಬಟ್ಟೆ, ಜಲವರ್ಣಗಳಿಗೆ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ) ಬೆಳಕು ಸಾಕೆಂಬುದು ಸಂಗ್ರಹಾಲಯಗಳ ವಾಡಿಕೆಯ ಮಿತಿ. ಬೇಸಿಗೆಯ ನೇರ ಬಿಸಿಲು 1,00,000 ಲಕ್ಸ್ ಮುಟ್ಟಬಲ್ಲದು. ಬೆಳಕಿನ ಹಾನಿ ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆಯೇ ಹೊರತು, ಕತ್ತಲೆಯಲ್ಲಿಟ್ಟು ವಿಶ್ರಾಂತಿ ಕೊಟ್ಟರೆ ವಾಸಿಯಾಗುವುದಿಲ್ಲ. ಅಂಥ ಬಿಸಿಲು ನಕ್ಷೆಯ ಮೇಲೆ ಒಂದೇ ಒಂದು ಗಂಟೆ ಬಿದ್ದರೆ, ದಿನಕ್ಕೆ 8 ಗಂಟೆಯಂತೆ 250 ದಿನ ಮಂದ ದೀಪದಡಿ ಇಟ್ಟಷ್ಟು ಬೆಳಕನ್ನು ಅದು ಉಂಡಂತಾಯಿತು. ಮುಂದಿನ ಬಾರಿ ಹೊರಗಿನ ಪ್ರಖರ ಬೆಳಕಿನಿಂದ ಒಳಬಂದೊಡನೆ ನಕ್ಷೆಗಳತ್ತ ಹೋಗದೆ, ಮೊದಲ ಕೋಣೆಯಲ್ಲೇ ಐದಾರು ನಿಮಿಷ ಕಳೆಯಿರಿ; ಕಣ್ಣು ಹೊಂದಿಕೊಂಡರೆ 50 ಲಕ್ಸ್‌ನಲ್ಲಿಯೂ ಸಣ್ಣ ಅಕ್ಷರ ಓದಲು ಬರುತ್ತದೆ.

ಪ್ರಶ್ನೆ: ನಮ್ಮ ಬಲೆಗೆ ಹಳೆಯ ಹಡಗಿನದೆಂದು ತೋರುವ ಮರದ ತುಂಡೊಂದು ಸಿಕ್ಕಿದೆ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಬೇಸಿಗೆ ಪ್ರದರ್ಶನಕ್ಕೆ ಕೊಡೋಣವೇ?

ಉತ್ತರ: ದಯವಿಟ್ಟು ಒಣಗಿಸಬೇಡಿ. ಬಹುಕಾಲ ನೀರಿನಲ್ಲಿದ್ದ ಮರದ ಜೀವಕೋಶಗಳು ಒಳಗೇ ಸವೆದಿರುತ್ತವೆ, ಅದರ ಆಕಾರವನ್ನು ಹಿಡಿದಿಟ್ಟಿರುವುದು ನೀರೇ. ನೀರು ಆರಿದರೆ ಮರ ಮುದುಡಿ ಸೀಳಿಹೋಗುತ್ತದೆ. ಸ್ವೀಡನ್ನಿನ 'ವಾಸಾ' ಹಡಗು 1628ರಲ್ಲಿ ಮುಳುಗಿ 1961ರಲ್ಲಿ ಮೇಲೆ ಬಂದಾಗ, ನೀರಿನ ಬದಲಿಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತು ಮರದೊಳಗೆ ಇಳಿಯಲೆಂದು 17 ವರ್ಷ ಅದರ ಮೇಲೆ ಸಿಂಪಡಿಸಬೇಕಾಯಿತು. ಆಮೇಲೂ 2000ದ ಮಳೆ ಸುರಿದ ಬೇಸಿಗೆಯಲ್ಲಿ ಕೋಣೆಯ ತೇವಾಂಶ ಏರಿ, ಮರದೊಳಗಿನ ಗಂಧಕ ಆಮ್ಲವಾಗಿ ಮೈಮೇಲೆ ಲವಣದ ಪುಡಿಯಾಗಿ ಹೊರಬಂತು.

ನಿಮ್ಮ ತುಂಡನ್ನು ಪೂರ್ತಿ ಮುಳುಗುವಂತೆ ನೀರು ತುಂಬಿದ ಪ್ಲಾಸ್ಟಿಕ್ ತೊಟ್ಟಿಯಲ್ಲಿಟ್ಟು, ಮುಚ್ಚಳ ಹಾಕಿ, ಬಿಸಿಲು ಬೀಳದ ತಂಪಾದ ಜಾಗದಲ್ಲಿಡಿ. ಉಜ್ಜಿ ತೊಳೆಯಬೇಡಿ, ಮೊಳೆಗಳಿದ್ದರೆ ಕೀಳಬೇಡಿ. ಸಿಕ್ಕಿದ ಜಾಗ, ದಿನ, ಆಳ ಬರೆದಿಟ್ಟು ಪುರಾತತ್ವ ಅಧಿಕಾರಿಗಳಿಗೆ ಮೊದಲು ತಿಳಿಸಿ. ಅವರು ಒಪ್ಪಿದರೆ, ಸಂಗ್ರಹಾಲಯದವರು ಅದನ್ನು ನೀರಿನೊಳಗಿದ್ದಂತೆಯೇ ಗಾಜಿನ ತೊಟ್ಟಿಯಲ್ಲಿಟ್ಟು, ಇದನ್ನು ಏಕೆ ಹೊರತೆಗೆದಿಲ್ಲವೆಂದು ಪಕ್ಕದಲ್ಲಿ ಬರೆದು, ಈ ಬೇಸಿಗೆಯಲ್ಲೇ ಜನರಿಗೆ ತೋರಿಸಬಹುದು.