ಕಾರವಾರದ ಮಳೆಗಾಲದಲ್ಲಿ ಎಣ್ಣೆಬಣ್ಣಕ್ಕೆ ಬಿಡಿ ಕ್ಯಾನ್ವಾಸ್ ಕೊಳ್ಳುವುದು, ಕಾಪಾಡುವುದು

ಬಾಡಿಗೆ ಮನೆ, ಚೌಕಟ್ಟಿಗೆ ಬಿಗಿದ ಕ್ಯಾನ್ವಾಸ್ ಇಡಲು ಜಾಗ ಇಲ್ಲ, ಹಾಗಾಗಿ ರೋಲ್ ಬಟ್ಟೆ, ಬೋರ್ಡು, ಕಾಗದ ಇವುಗಳಲ್ಲಿ ಯಾವುದನ್ನು ಕೊಳ್ಳಲಿ, ಮಳೆಗಾಲದಲ್ಲಿ ಹೇಗೆ ಇಡಲಿ ಎಂದು ಕೇಳಿದ್ದೀರಿ. ನಾನು ಅಂಕೋಲಾದವನು, ಎಣ್ಣೆಬಣ್ಣವೇ ನನ್ನ ಮಾಧ್ಯಮ. ನಿಮ್ಮ ಊರಿನ ಹವೆಗೆ ನನ್ನ ಸಲಹೆ ಇಷ್ಟು: ಎರಡು ಅಡಿಯೊಳಗಿನ ಚಿತ್ರಕ್ಕೆ ಬೋರ್ಡು. ಅದಕ್ಕಿಂತ ದೊಡ್ಡದಕ್ಕೆ ಮಾತ್ರ ಬಿಡಿ ಬಟ್ಟೆ, ಅಂದರೆ ಚೌಕಟ್ಟಿಗೆ ಬಿಗಿಯದ ಕ್ಯಾನ್ವಾಸ್.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಗಾಳಿಯ ತೇವ 65-70% ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯಲು ಸಾಕು, ನಮ್ಮಲ್ಲಿ ಆ ನಾಲ್ಕು ತಿಂಗಳು ಅದಕ್ಕಿಂತ ಮೇಲೇ ಇರುತ್ತದೆ. ತೇವಕ್ಕೆ ಬಟ್ಟೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದರ ಮೇಲಿನ ಬಣ್ಣ ವರ್ಷ ಕಳೆದಂತೆ ಗಡುಸಾಗಿ, ಆ ಎಳೆದಾಟಕ್ಕೆ ಬಿರುಕು ಬಿಡುತ್ತದೆ. ಗಟ್ಟಿ ಬೋರ್ಡಿನಲ್ಲಿ ಈ ತೊಂದರೆ ಬಹಳ ಕಡಿಮೆ.

ಬೋರ್ಡು ಅಂದರೆ ಎಲ್ಲರೂ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಅನ್ನುತ್ತಾರೆ. ಅದು ನೀರು ಕುಡಿದು ಅಂಚಿನಲ್ಲಿ ಉಬ್ಬುತ್ತದೆ. ತಗೊಂಡರೆ ಆರೂ ಬದಿಗೆ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಲೇಪ) ಬಳಿಯಬೇಕು. ನನಗೆ ಇಷ್ಟವಾದದ್ದು ಎಸಿಪಿ, ಅಂದರೆ ಅಂಗಡಿ ಬೋರ್ಡುಗಳಿಗೆ ಬಳಸುವ, ಎರಡು ತೆಳು ಅಲ್ಯೂಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್ ಇರುವ ಹಾಳೆ. ಬೋರ್ಡು ಮಾಡುವವರ ಹತ್ತಿರ ತುಂಡುಗಳು ಉಳಿದಿರುತ್ತವೆ, ಕೇಳಿ ನೋಡಿ. ಅದು ತೇವ ಹೀರುವುದಿಲ್ಲ, ಬೂಷ್ಟಿಗೆ ಮೇವೂ ಅಲ್ಲ. ಮೇಲಿನ ಪ್ಲಾಸ್ಟಿಕ್ ಪೊರೆ ಕಿತ್ತು, 220 ನಂಬರಿನ ಮರಳು ಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಅಕ್ರಿಲಿಕ್ ಜೆಸ್ಸೊ (ಚಿತ್ರದ ಬಣ್ಣ ಹಿಡಿಯಲು ಬಳಿಯುವ ಬಿಳಿ ಪ್ರೈಮರ್) ಎರಡು-ಮೂರು ಕೋಟ್ ಕೊಡಿ. ಕಟ್ಟಡದ ಹೊರಗೋಡೆಗೆ ಹಾಕುವ ಪಿವಿಡಿಎಫ್ ಲೇಪನದ ಹಾಳೆ ಮಾತ್ರ ಬೇಡ, ಅದರ ಮೇಲೆ ಏನೂ ಸರಿಯಾಗಿ ಅಂಟುವುದಿಲ್ಲ. ಒಳಗಡೆ ಬಳಸುವ ಪಾಲಿಯೆಸ್ಟರ್ ಲೇಪನದ್ದನ್ನೇ ಕೇಳಿ.

ಎಣ್ಣೆಬಣ್ಣದ ಕಾಗದದ ಪ್ಯಾಡು ಅಭ್ಯಾಸಕ್ಕೆ ಸಾಕು. ಇಟ್ಟುಕೊಳ್ಳುವ ಚಿತ್ರಕ್ಕೆ ನಾನು ಬಳಸುವುದಿಲ್ಲ.

ಇನ್ನು ಬಟ್ಟೆ. ಅಂಗಡಿಯಲ್ಲಿ ‘ಕ್ಯಾನ್ವಾಸ್ ರೋಲ್’ ಎಂದು ಕೊಡುವುದೆಲ್ಲ ಎಣ್ಣೆಬಣ್ಣಕ್ಕೆ ಆಗುವುದಿಲ್ಲ. ಫೋಟೊ ಪ್ರಿಂಟಿಂಗಿನ ರೋಲ್ ಕೂಡ ಅದೇ ಹೆಸರಿನಲ್ಲಿ ಸಿಗುತ್ತದೆ, ಅದರ ಲೇಪನ ಇಂಕ್ ಹೀರಲು ಮಾಡಿದ್ದು. ಕೊಳ್ಳುವ ಮೊದಲು ಒಂದು ತುಂಡು ತಂದು, ಮೇಲ್ಮೈಗೆ ಒಂದು ಹನಿ ಅಗಸೆ ಎಣ್ಣೆ ಹಾಕಿ. ಮರುದಿನ ಹಿಂಬದಿಯಲ್ಲಿ ಕಲೆ ಕಂಡರೆ ಪ್ರೈಮಿಂಗ್ ಸಾಲದು. ಎಣ್ಣೆ ಹತ್ತಿಯ ನೂಲಿಗೆ ತಾಗಿದರೆ ಕಾಲ ಕಳೆದಂತೆ ನೂಲು ಕಂದಿ, ಪುಡಿಪುಡಿಯಾಗುತ್ತದೆ. ಲಿನನ್ ಹತ್ತಿಗಿಂತ ಗಟ್ಟಿ ನಿಜ, ಆದರೆ ಬೆಲೆ ತುಂಬಾ ಜಾಸ್ತಿ. ಮೊದಲ ಸಲಕ್ಕೆ ಚದರ ಗಜಕ್ಕೆ 10 ಅಥವಾ 12 ಔನ್ಸ್ ತೂಗುವ ಹತ್ತಿ ಡಕ್ (ಒತ್ತಾಗಿ ನೇಯ್ದ ದಪ್ಪ ಹತ್ತಿ ಬಟ್ಟೆ) ಸಾಕು. ಮೊಲದ ಚರ್ಮದ ಅಂಟಿನಿಂದ ಸೈಜಿಂಗ್ ಮಾಡಿ, ಅಂದರೆ ಎಣ್ಣೆ ಬಟ್ಟೆಗೆ ಇಳಿಯದಂತೆ ಮೊದಲು ಅಂಟು ಬಳಿಯಿರಿ ಎಂದು ಹಳೆಯ ಪುಸ್ತಕಗಳು ಹೇಳುತ್ತವೆ. ನಮ್ಮ ಕರಾವಳಿಗೆ ದಯವಿಟ್ಟು ಬೇಡ. ಅದು ತೇವ ಹೀರುತ್ತದೆ, ಬೂಷ್ಟಿಗೆ ಊಟವಾಗುತ್ತದೆ.

ನೀವೇ ಜೆಸ್ಸೊ ಬಳಿಯುವುದಾದರೆ ಬಟ್ಟೆಯನ್ನು ಪ್ಲೈವುಡ್ಡಿಗೆ ಬಿಗಿದು ಬಳಿಯಿರಿ, ನಡುವೆ ಒಂದು ಪಾಲಿಥೀನ್ ಹಾಳೆ ಇರಲಿ. ಸುಮ್ನೆ ನೆಲದ ಮೇಲೆ ಹಾಸಿ ಬಳಿದರೆ ಸುಕ್ಕಾಗಿ ಒಣಗುತ್ತದೆ. ಸ್ಟೇಪಲ್ ಸ್ಟೇನ್‌ಲೆಸ್ ಆಗಿರಲಿ. ಉಪ್ಪು ಗಾಳಿಗೆ ಕಬ್ಬಿಣದ ಪಿನ್ನು ಬೇಗ ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ ಬಿಡುತ್ತದೆ. ಬಳಿದ ಮೇಲೆ ಕನಿಷ್ಠ ಮೂರು ದಿನ ಬಿಟ್ಟು ಎಣ್ಣೆಬಣ್ಣ ಹಚ್ಚಿ, ಮಳೆಯಲ್ಲಿ ಇನ್ನೂ ಜಾಸ್ತಿ ದಿನ ಬಿಡಿ. ನಿಜಕ್ಕೂ ಈ ಕೆಲಸವನ್ನೆಲ್ಲ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಮುಗಿಸಿಡುವುದೇ ಒಳ್ಳೆಯದು.

ಸುತ್ತಿಡುವಾಗ ಬಣ್ಣದ ಬದಿ ಹೊರಗೇ ಇರಬೇಕು. ಒಳಗಿಟ್ಟು ಸುತ್ತಿದರೆ ಬಣ್ಣದ ಪದರ ಒತ್ತಿ ಸುಕ್ಕಾಗುತ್ತದೆ, ಬಿಚ್ಚುವಾಗ ಒಡೆಯುತ್ತದೆ. ಕೊಳವೆ ದಪ್ಪ ಇದ್ದಷ್ಟೂ ಒಳ್ಳೆಯದು, ಆರು ಇಂಚು ವ್ಯಾಸದ ಪೈಪಿನ ತುಂಡು ಸಿಕ್ಕರೆ ಬಹಳ ಚೆನ್ನ. ಪೈಪಿಗೆ ಬಿಳಿ ಕಾಗದ ಸುತ್ತಿ, ಬಣ್ಣದ ಮೇಲೆ ಬಟರ್ ಪೇಪರ್ ಹಾಕಿ. ಪತ್ರಿಕೆ ಬೇಡ, ಮಸಿ ಅಂಟುತ್ತದೆ. ಬಣ್ಣಕ್ಕೆ ನೇರವಾಗಿ ಪ್ಲಾಸ್ಟಿಕ್ ಕೂಡ ಬೇಡ. ದಪ್ಪ ಬಣ್ಣ ಹಚ್ಚಿದ ಚಿತ್ರವನ್ನು ಸುತ್ತಲೇಬೇಡಿ, ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ತಿಂಗಳುಗಟ್ಟಲೆ ಮೆತ್ತಗಿರುತ್ತದೆ.

ರೋಲನ್ನು ಅಡ್ಡ ಮಲಗಿಸಿ, ನೆಲಕ್ಕೂ ಹೊರಗೋಡೆಗೂ ತಾಗದ ಹಾಗೆ ಇಡಿ. ಗೋಡೆಗೆ ತಾಗಿದರೆ ಒರಲೆಯೂ ಬರುತ್ತದೆ. ಸಿರ್ಸಿ ಕಡೆಯ ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ, ಅಲ್ಲಿಡೋಣ ಅನ್ನಿಸುತ್ತದೆ ಅಲ್ವಾ? ಹೊಗೆ, ಮಸಿ ಬಟ್ಟೆಗೆ ಹಿಡಿದರೆ ಬಿಡುವುದಿಲ್ಲ. ಮುಚ್ಚಿದ ಬೀರುವಿನಲ್ಲಿ ತೇವ ಹೀರುವ, ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಹರಳು ಇಟ್ಟು, ಹರಳಿನ ಬಣ್ಣ ಬದಲಾದಾಗ ಅದನ್ನು ಬಿಸಿ ಮಾಡಿ ಮತ್ತೆ ಇಡಿ. ಬಿಸಿಲು ಬಿದ್ದ ದಿನ ಬೀರು ತೆರೆದು ಗಾಳಿಯಾಡಿಸಿ.

ಮುಗಿದ ಚಿತ್ರ ವರ್ಷಗಟ್ಟಲೆ ಕತ್ತಲಲ್ಲಿದ್ದರೆ ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ. ಹೆದರಬೇಡಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿ ಕೆಲವು ವಾರ ಇಟ್ಟರೆ ಬಹುಪಾಲು ತಿಳಿಯಾಗುತ್ತದೆ. ಬಟ್ಟೆ ಕತ್ತರಿಸುವಾಗ ನಾಲ್ಕೂ ಬದಿಗೆ ಎರಡೆರಡು ಇಂಚು ಬಿಡುವುದನ್ನು ಮರೆಯಬೇಡಿ. ಮುಂದೆ ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ಚೌಕಟ್ಟು ಹಾಕಿಸುವಾಗ ಬಟ್ಟೆ ಎಳೆದು ಬಿಗಿಯುವ ಇಕ್ಕಳಕ್ಕೆ ಹಿಡಿಯಲು ಅಷ್ಟು ಬಟ್ಟೆ ಬೇಕೇ ಬೇಕು.