‘ಎಕ್ಸ್‌ಪ್ಲೇನ್ ಮಿ’ ಏಕೆ ತಪ್ಪು?

‘ಟೆಲ್ ಮಿ’ ಸರಿಯಾದರೆ ‘ಎಕ್ಸ್‌ಪ್ಲೇನ್ ಮಿ ದಿಸ್’ ಏಕೆ ತಪ್ಪು ಎಂದು ಕೇಳಿದ್ದೀರಿ. ತೊಡಕು ಹುಟ್ಟುವುದು ನಮ್ಮ ‘ನನಗೆ’ ಎಂಬ ಪದದಿಂದ. ನನಗೆ ಹೇಳಿ, ನನಗೆ ಕೊಡಿ, ನನಗೆ ವಿವರಿಸಿ: ಕನ್ನಡದಲ್ಲಿ ಎಲ್ಲಕ್ಕೂ ಒಂದೇ ಚತುರ್ಥಿ ವಿಭಕ್ತಿ ಸಾಕು. ಇಂಗ್ಲಿಷಿನಲ್ಲಿ ಅದು ಆಯಾ ಕ್ರಿಯಾಪದಕ್ಕೆ ಬಿಟ್ಟ ವಿಷಯ. ಟೆಲ್, ಗಿವ್, ಶೋ ಇವುಗಳ ಬೆನ್ನಿಗೇ ‘ಮಿ’ ಬರಬಹುದು. ಎಕ್ಸ್‌ಪ್ಲೇನ್, ಸಜೆಸ್ಟ್, ಡಿಸ್ಕ್ರೈಬ್ ಇವುಗಳಿಗೆ ನಡುವೆ ‘ಟು’ ಬೇಕೇ ಬೇಕು: ‘ಎಕ್ಸ್‌ಪ್ಲೇನ್ ದಿಸ್ ಟು ಮಿ’. ಈ ಮೂರೂ ಲ್ಯಾಟಿನ್ ಮೂಲದವು, ಮೊದಲಿನ ಮೂರು ಜರ್ಮ್ಯಾನಿಕ್ ಮೂಲದವು, ಅಂದರೆ ಇಂಗ್ಲಿಷ್ ಹುಟ್ಟಿದ ಭಾಷಾ ಕುಟುಂಬದವೇ. ಹಾಗೆಂದು ಅದನ್ನೇ ನಿಯಮವೆಂದು ನೆಚ್ಚಬೇಡಿ. ‘ಆಫರ್’ ಲ್ಯಾಟಿನ್ ಮೂಲದ್ದಾದರೂ ‘ಆಫರ್ ಮಿ ಎ ಜಾಬ್’ ಸರಿ. ‘ಸೇ’ ಅಚ್ಚ ಇಂಗ್ಲಿಷಾದರೂ ‘ಸೇ ಮಿ’ ತಪ್ಪು. ಹೊಸ ಕ್ರಿಯಾಪದ ಸಿಕ್ಕಾಗ ಅರ್ಥದ ಜೊತೆಗೆ ಒಂದು ಇಡೀ ವಾಕ್ಯವನ್ನೂ ಬರೆದಿಟ್ಟುಕೊಳ್ಳಿ.